ಐವತ್ತೆರಡು ಪೌಂಡು

ಕಬ್ಬನ್ ಪಾರ್ಕಿನ ಕೋರ್ಟಿನ ಹಿಂದೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ
ಒಂದು ಮೇಜು, ಒಂದು ಯಂತ್ರ, ತಲೆ ತಿರುಗಿಸದ ಒಂದು ಟೇಬಲ್ ಫ್ಯಾನು.
ಪಂದ್ಯದ ವಾರ ದೊಡ್ಡವರ ರಾಕೆಟ್ಟಿಗೆ ತಂತಿ ಕಟ್ಟುತ್ತೇನೆ,
ಮಿಕ್ಕ ವಾರ ಶಾಲೆ ಮಕ್ಕಳ ಶಟ್ಲ್ ಬ್ಯಾಟಿಗೆ.

ಭಾನುವಾರ ಬೆಳಿಗ್ಗೆ ಬಂದ, ಅಮೆರಿಕದ ಹುಡುಗ.
ಹತ್ತೊಂಬತ್ತು ವರ್ಷ. ಮೂಗಿನ ಮೇಲೆ ಸನ್‌ಸ್ಕ್ರೀನಿನ ಬಿಳಿ ಪಟ್ಟೆ,
ಅಡ್ಡ ಎಳೆದ ನಾಮದ ಹಾಗೆ.
ಜೊತೆಗೆ ಕೋಚಿಲ್ಲ, ಅಪ್ಪನಿಲ್ಲ, ಬೆನ್ನಿಗಿಂತ ದೊಡ್ಡ ಚೀಲ.
ಕೇಲಬ್ ಅಂದ. ಮುನಿರಾಜು ಅಂದೆ.
ಅವನ ಬಾಯಲ್ಲಿ 'ಮೂನಿ' ಆದೆ. ಇರಲಿ;
ಇದೇ ಕೋರ್ಟಿಗೆ ಸುಣ್ಣದ ಗೆರೆ ಎಳೆಯುತ್ತಿದ್ದ ನಮ್ಮಪ್ಪನನ್ನು
ಕ್ಲಬ್ಬಿನ ಸಾಹೇಬರು 'ಮನಿ' ಅನ್ನುತ್ತಿದ್ದರು,
ಜೇಬಲ್ಲಿ ಅದೊಂದು ಇಲ್ಲದವನನ್ನು.

"ಒಂದಕ್ಕೆ ಎಷ್ಟು?"
"ಐನೂರು."
ಮೂರು ರಾಕೆಟ್ಟು ತೆಗೆದ. ಎರಡನ್ನು ಮತ್ತೆ ಒಳಗಿಟ್ಟ.
ಅಷ್ಟರಲ್ಲೇ ತಿಳಿಯಿತು ಅವನ ರ‍್ಯಾಂಕಿಂಗು.

"ಐವತ್ತೆರಡು ಪೌಂಡು."
ನಾನಂದೆ: ಅಪ್ಪಾ, ಇದು ಮೂರು ಸಾವಿರ ಅಡಿ ಮೇಲಿನ ಊರು.
ನೋಡಿದರೆ ಗೊತ್ತಾಗಲ್ಲ, ಆದರೆ ಗಾಳಿ ತೆಳು.
ಇಲ್ಲಿ ಚೆಂಡು ಹಾರುತ್ತೆ. ಐವತ್ತೈದು ಹಾಕಿಸ್ಕೋ.
ಕೇಳಲಿಲ್ಲ. ಅವರಪ್ಪ ಕಡಲ ದಡದಲ್ಲಿ ದೋಣಿಯ ಎಂಜಿನು ರಿಪೇರಿ ಮಾಡೋದಂತೆ,
ಅಲ್ಲಿಂದ ಕೋರ್ಟಿಗೆ ನಾಲ್ಕು ಹೆಜ್ಜೆ, ಅಲ್ಲಿ ಯಾವತ್ತೂ ಐವತ್ತೆರಡಂತೆ.
ಅದನ್ನೇ ಕಟ್ಟಿದೆ.

ಮೊದಲ ಸೆಟ್ಟು ಆರು-ಒಂದು, ಹೋಯಿತು.
ಚೆಂಡು ಬೇಸ್‌ಲೈನು ದಾಟಿತು, ಒಮ್ಮೆ ಬೇಲಿಯನ್ನೇ ದಾಟಿ
ಟಬೆಬುಯಾ ಉದುರಿಸಿದ ಗುಲಾಬಿ ರಾಶಿಯೊಳಗೆ ಹೂತುಕೊಂಡಿತು.
ಪ್ರತಿ ಸಲ ಗೆರೆಯನ್ನೇ ನೋಡಿದ,
ಯಾರೋ ರಾತ್ರಿ ಬಂದು ಅದನ್ನು ಈಚೆ ಸರಿಸಿದ ಹಾಗೆ.
ಬಾಲ್‌ಬಾಯ್ ಸಗಾಯಂ ಓಡಿಬಂದ, ಎರಡನೇ ರಾಕೆಟ್ಟು ಹಿಡಿದು:
"ಮಾಮ, ಆ ಬಿಳಿ ಅಣ್ಣ ಐವತ್ತೈದು ಅಂದ."
ಹದಿನೈದು ನಿಮಿಷ. ಬೆರಳು ಬಿಟ್ಟರೆ ನನಗೆ ಬೇರೆ ಮೈಯೇ ಇರಲಿಲ್ಲ.

ಗೆದ್ದ. ಸೋಮವಾರವೂ ಗೆದ್ದ.
ಸಂಜೆ ನನ್ನ ಮೇಜಿನ ಅಂಚಿಗೆ ಕೂತು ಏಲಕ್ಕಿ ಬಾಳೆ ತಿಂದ, ಆರು.
ಬಟ್ಟೆ ಸೋಪು ಎಲ್ಲಿ ಸಿಗುತ್ತೆ ಅಂತ ಕೇಳಿದ.
ಗಾಂಧಿನಗರದ ಲಾಡ್ಜು, ರೂಮಿಗೆ ಪಾಲು ಒಬ್ಬ ಕಜಕ್ ಹುಡುಗ,
ನಾಳೆ ಅವನ ಮೇಲೇ ಆಟ.
ಕಿಟಕಿಯ ಒಂದೇ ಹಗ್ಗದ ಮೇಲೆ ಇಬ್ಬರ ಶರ್ಟೂ ಒಣಗಬೇಕು.
"ಗೊರಕೆ ಹೊಡೀತಾನೆ, ಮೂನಿ. ಅಷ್ಟು ನಿದ್ದೆ ಎಲ್ಲಿಂದ ಬರುತ್ತೆ?"

ಮಂಗಳವಾರ ಸೋತ. ಎರಡು ಸೆಟ್ಟು, ಎರಡೂ ಟೈಬ್ರೇಕರು,
ಕೊನೆಯದು ಡಬಲ್ ಫಾಲ್ಟು.
ನೋಡುತ್ತಿದ್ದವರು ಹನ್ನೊಂದು ಜನ,
ಅದರಲ್ಲಿಬ್ಬರು ಊಟದ ಡಬ್ಬಿ ಬಿಚ್ಚಿದ್ದ ಮಾಲಿಗಳು.

ಬಂದ ದುಡ್ಡಲ್ಲಿ ತೆರಿಗೆ ಹೋಗಿ, ಲಾಡ್ಜು ಹೋಗಿ, ನನ್ನ ತಂತಿ ಹೋಗಿ
ಪುಣೆಯ ರಾತ್ರಿ ಬಸ್ಸಿಗಾಗುವಷ್ಟು ಉಳಿಯಿತು.
ಮೂರನೆಯದರ ಹಳೇ ತಂತಿ ಕತ್ತರಿಸುತ್ತಿದ್ದೆ, ಕೇಳಿದ:
ಆಡದೆ ಹಾಗೇ ಇಟ್ಟರೆ ಬಿಗಿ ಉಳಿಯುತ್ತಾ?
ಇಲ್ಲ ಅಂದೆ. ಕಟ್ಟಿದ ರಾತ್ರಿಯೇ ಸಡಿಲಾಗೋಕೆ ಶುರು,
ಚೀಲದಲ್ಲಿಟ್ಟು ಜಿಪ್ ಎಳೆದರೂ, ಯಾರೂ ಮುಟ್ಟದಿದ್ದರೂ.
ಸುಮ್ಮನಾದ.
ಅವನ ವಯಸ್ಸಿಗೆ ಇದನ್ನು ಹೇಳಬಾರದಿತ್ತು.
ಆ ಮೂರನೆಯದಕ್ಕೆ ದುಡ್ಡು ತಗೊಳ್ಳಲಿಲ್ಲ;
ಹೆಂಡತಿಗೆ ಇನ್ನೂ ತಿಳಿಸಿಲ್ಲ.

ಆಷಾಢದ ಗಾಳಿ. ಮೇಜಿಗೆ ಟಾರ್ಪಾಲು ಹೊದಿಸುವಾಗ ಫೋನು ಗುಂಯ್ ಅಂದಿತು.
ಹೆಸರೇ ಕೇಳದ ಯಾವುದೋ ಊರು. ಫೋಟೋದಲ್ಲಿ ಖಾಲಿ ಕೋರ್ಟು,
ಬೇಲಿಯಾಚೆ ಒಂದು ಗೆರೆಯಷ್ಟು ಕಡಲು.
"ಮೂನಿ, ಇಲ್ಲಿ ಎಷ್ಟು?"

ಕನ್ನಡಕ ಹುಡುಕಿ ಒಂದೊಂದೇ ಅಕ್ಷರ ಒತ್ತಿದೆ:
ಅಲ್ಲಿಗೆ ನೀನು ಹೇಳಿದ್ದೇ ಸರಿ.