ತಪ್ಪಿನ ಪಾಲುಪಟ್ಟಿ

ಸಕಾತಾ ಊರಿನ ಅಕ್ಕಿ ಗೋದಾಮಿನ ಹಿಂದೆ
ಎರಡು ಬೀದಿ ಕೂಡುವಲ್ಲಿ, ನವೆಂಬರ್ ಸಂಜೆ, ಐದೂ ನಲವತ್ತು.
ಟೇಪು ಹಿಡಿದು ನಾನು ಹೋದದ್ದು ಮಾರನೆಯ ದಿನ.
ಯಾವಾಗಲೂ ನಾನು ಮಾರನೆಯ ದಿನ ಹೋಗುವವಳು.

ನಮ್ಮ ಕಚೇರಿಯಲ್ಲೊಂದು ದಪ್ಪ ಪುಸ್ತಕ.
ಪುಟಕ್ಕೊಂದು ಕೂಡುರಸ್ತೆ,
ಕಾರಿಗೊಂದು ಚೌಕ, ಸೈಕಲ್ಲಿಗೊಂದು ಬಾಣ, ಕೆಳಗೆ ಅಂಕಿ.
ಮನೆ ಹೊಲ ಹಂಚಿದ ಹಾಗೆ ಅದರಲ್ಲಿ ತಪ್ಪನ್ನು ಹಂಚುತ್ತಾರೆ.
ಈ ಆಸ್ತಿಯಲ್ಲಿ ಮಾತ್ರ
ಎಲ್ಲರೂ ಸಣ್ಣ ಪಾಲಿಗೆ ಜಗಳಾಡುತ್ತಾರೆ.

‘ನಿಲ್ಲಿ’ ಎಂಬ ಫಲಕ ಸೈಕಲ್ಲಿನ ಕಡೆಗಿತ್ತು. ಹಾಗಾಗಿ
ಅವಳಿಗೆ ನಲವತ್ತು, ಕಾರಿಗೆ ಅರವತ್ತು.
ಅವಳಿಗೆ ಅರವತ್ತೊಂಬತ್ತು ವರ್ಷ; ವಯಸ್ಸಿಗೆ ಹತ್ತು ಕಳೆ.
ದೀಪ ಇರಲಿಲ್ಲ ಎಂದಾದರೆ ಹತ್ತು ಕೂಡು.
ಮುದುಕಿಯಾದದ್ದೂ ಕತ್ತಲಲ್ಲಿ ಬಂದದ್ದೂ
ಒಂದಕ್ಕೊಂದು ವಜಾ.

“ದೀಪ ಇರಲಿಲ್ಲ,” ಎಂದ ಹಯಾಸಾಕ,
ಕಟ್ಟುಹಲ್ಲು ತಯಾರಿಸುವ ಅಂಗಡಿಯ ಹುಡುಗ.
ಬ್ರೇಕಿಗೆ ಹಿಂದಿನ ಸೀಟಿನಿಂದ ಉರುಳಿದ ಪ್ಲಾಸ್ಟರಿನ ದವಡೆಗಳು
ಇನ್ನೂ ಕಾರಿನ ನೆಲದ ಮೇಲೆ
ಏನನ್ನೂ ಕಚ್ಚದೆ ಬಾಯಿ ತೆರೆದು ಬಿದ್ದಿದ್ದವು.
“ಇದ್ದಿದ್ದರೆ ಕಾಣುತ್ತಿತ್ತು.”
ಸುಳ್ಳು ಹೇಳುವ ಮುಖವಲ್ಲ. ಅದನ್ನು ಬರೆಯಲು ಕಾಲಂ ಇಲ್ಲ.

ಮಸಾಯೊ ತೊಗಾಶಿ ಆಸ್ಪತ್ರೆಯಲ್ಲಿ, ಸೊಂಟಕ್ಕೆ ಉಕ್ಕಿನ ಮೊಳೆ.
ನೆನಪಿರುವುದಿಷ್ಟು: ಬೆಣ್ಣೆ ಮರೆತದ್ದು, ಅರ್ಧದಾರಿಯಿಂದ ತಿರುಗಿದ್ದು,
ಆಮೇಲೆ ಬಿಳಿ ಚಾವಣಿ.
“ನನ್ನದೇ ಇರಬೇಕು, ಬರೆದುಕೊಳ್ಳಮ್ಮ,” ಎಂದಳು
ಅಂಗಡಿಯಲ್ಲಿ ಚಿಲ್ಲರೆ ಬಿಟ್ಟುಕೊಡುವ ಹಾಗೆ.
ಬರೆದುಕೊಳ್ಳಲಿಲ್ಲ. ಸೌಜನ್ಯ ಸಾಕ್ಷಿಯಲ್ಲ.

ಬಲ್ಬು ಬಿಚ್ಚಿ ಭೂತಗನ್ನಡಿಯಡಿ ಇಟ್ಟೆ.
ಉರಿಯುವಾಗ ಏಟು ಬಿದ್ದರೆ ಒಳಗಿನ ತಂತಿ
ಶ್ಯಾವಿಗೆಯಂತೆ ಜಗ್ಗಿ ಜೋಲುತ್ತದೆ.
ಇದರ ಸುರುಳಿ ಹೊಸದರಷ್ಟು ಬಿಗಿ.
ಆರಿತ್ತು. ಹುಡುಗ ಹೇಳಿದ್ದು ನಿಜ.
ಹತ್ತು ಕೂಡು.

ಪೆನ್ನಿಗೆ ಕ್ಯಾಪು ಹಾಕಿದ ಮೇಲೆ ಕಂಡದ್ದು:
ಡೈನಮೊ ಚಕ್ರಕ್ಕೆ ಒರಗಿಯೇ ಇತ್ತು.
ಅದರ ಹಲ್ಲುಗಳ ಸಂದಿಯಲ್ಲಿ ಹೊಸ ರಬ್ಬರಿನ ಪುಡಿ.
ಹಳೇ ಸೈಕಲ್. ಚಕ್ರ ತಿರುಗಿದರೆ ಬೆಳಕು,
ನಿಂತರೆ ಕತ್ತಲೆ.
ಅಂದರೆ
ಅವಳು ನಿಂತಿದ್ದಳು.

ಫಲಕ ನಿಲ್ಲು ಎಂದಿತು, ನಿಂತಳು,
ನಿಂತದ್ದಕ್ಕೆ ದೀಪ ಆರಿತು,
ಆರಿದ್ದಕ್ಕೆ ಅವನಿಗೆ ಕಾಣಲಿಲ್ಲ.
ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ;
ಇದು ಫಲಕದ ಬುಡದ್ದು.

ಆದರೂ, ನಿಂತವಳಿಗೆ ಕಾರು ತಾಗಿದ್ದು ಹೇಗೆ?
ಮೂಲೆಯಲ್ಲಿ ಆಳೆತ್ತರದ ಗೋಡೆ. ಅದರಾಚೆ ನೋಡಬೇಕಾದರೆ
ಮುಂದಿನ ಚಕ್ರ ಬೀದಿಗಿಳಿಯಬೇಕು.
ಅಂಥದೇ ಸೈಕಲ್ ತಂದು ಹತ್ತಿ ಕೂತು ಅಳೆಸಿದೆ:
ಕಣ್ಣಿಗಿಂತ ಚಕ್ರ ತೊಂಬತ್ತು ಸೆಂಟಿಮೀಟರ್ ಮುಂದೆ.
ಅಷ್ಟು ಉದ್ದ, ಕಣ್ಣಿಲ್ಲದ ಮೈ, ಎಲ್ಲರಿಗಿಂತ ಮೊದಲು ಬೀದಿಗೆ ಹೋಗುತ್ತದೆ.
ಅದು ಯಾರ ತಪ್ಪು?
ಪುಸ್ತಕದ ಚಿತ್ರದಲ್ಲಿ ಗೋಡೆ ಬರೀ ಒಂದು ಗೆರೆ. ಅದಕ್ಕೆ ಪಾಲಿಲ್ಲ.

ಕಂಪನಿಯವರು ಬರೆದರು:
ಕಾರಿನ ಏಟಿಗೇ ಡೈನಮೊ ವಾಲಿರಬಹುದು.
ರಬ್ಬರ್ ಪುಡಿಯ ಫೋಟೊ ಕಳಿಸಿದೆ.
ಹಿಂದಿನ ದಿನದ್ದಿರಬಹುದು, ಎಂದರು.
ಇರಬಹುದು. ಪುಡಿಯ ಮೇಲೆ ತಾರೀಖು ಇರುವುದಿಲ್ಲ.
ಬಂದರಿನ ಹಿಮ ಕರಗುವ ತನಕ ಪತ್ರ ಹೋದವು, ಬಂದವು.
ಕೊನೆಗೆ ಮೂವತ್ತಕ್ಕೆ ನಿಂತಿತು.

ಹಯಾಸಾಕ ಕಾಗದ ಓದಲಿಲ್ಲ.
“ನಿಂತಿದ್ದರಾ?” ಎಂದು ಎರಡು ಸಲ ಕೇಳಿದ,
ಸಹಿ ಮಾಡಿ, ಪೆನ್ನನ್ನು ಮರೆತು ಜೇಬಿಗೆ ಹಾಕಿಕೊಂಡು ಹೋದ.

ಮಸಾಯೊ ಕನ್ನಡಕ ಒರೆಸಿ ಪೂರ್ತಿ ಓದಿದಳು.
“ನನ್ನ ಈ ಮೂವತ್ತು,” ಎಂದಳು,
“ನಿಂತದ್ದಕ್ಕೋ, ನೋಡಿದ್ದಕ್ಕೋ?”

ನಾನು ಸಹಿಯ ಜಾಗ ತೋರಿಸಿದೆ.