ಹದಿನೇಳನೆಯ ಸಾಲು

ಗಲೀಸಿಯದ ಕಡಲಂಚಿನ ಕಮರೀನ್ಯಸ್ ಊರಲ್ಲಿ
ರಾತ್ರಿ ಒಂಬತ್ತಕ್ಕೆ ಒಬ್ದೂಲಿಯ
ಮಡಿಲಿಗೆ ಉರುಟು ದಿಂಬು ಒರಗಿಸುತ್ತಾಳೆ,
ಫೋನನ್ನು ಸಾರ್ಡೀನ್ ಡಬ್ಬಿಗೆ.
ಮುಖ ಕಾಣದು. ಕೈ ಮಾತ್ರ.
ನಲವತ್ತೆರಡು ಮರದ ಕಡ್ಡಿ, ಒಂದೊಂದರ ಕೊರಳಿಗೂ ದಾರ,
ಟಕ ಟಕ, ಟಕ, ಒಂದು ಗುಂಡುಸೂಜಿ, ಮತ್ತೆ ಟಕ ಟಕ.
ಲೇಸು ಹೆಣೆಯುವುದೆಂದರೆ ಇಷ್ಟೆ:
ದಾರದ ಮೇಲೆ ದಾರ ದಾಟಿಸಿ ನಡುವೆ ತೂತು ಉಳಿಸುವುದು.
ಬೆಲೆಯೆಲ್ಲ ತೂತಿಗೆ.

ನೋಡುವವರು ಮೂವತ್ತೇಳು.
ಬುರ್ಗೋಸಿನ ಹೆದ್ದಾರಿ ಬದಿ ಲಾರಿ ನಿಲ್ಲಿಸಿ
ಸೀಟು ಹಿಂದಕ್ಕೆ ಬಾಗಿಸಿಕೊಳ್ಳುವ ಫರ್ಮೀನ್.
ಕಿವಿ ಕೇಳದ ಹುಡುಗಿಯೊಬ್ಬಳು:
'ದೀಪ ಎಡಕ್ಕೆ ಸರಿಸಿ, ನೆರಳು ಬೆರಳು ನುಂಗುತ್ತಿದೆ.'
ಅಟ್ಲಾಂಟಿಕ್ಕಿನ ಆಚೆ, ಮೊಂತೆವಿದೆಯೊದಲ್ಲಿ,
ಎಂಬತ್ಮೂರರ ಎಲ್ವೀರ. ಇದೇ ಊರಿನವಳ ಮಗಳು.
ಹಗಲೆಲ್ಲ ಮುಟ್ಟದೆ ರಾತ್ರಿಗೆಂದು ಎತ್ತಿಟ್ಟುಕೊಳ್ಳುತ್ತಾಳೆ,
ಟಕ ಟಕ ಕೇಳುತ್ತ ನಿದ್ದೆ ಹೋಗುತ್ತಾಳೆ,
ಅವ್ವ ಪಕ್ಕದ ಕೋಣೆಯಲ್ಲೇ ಇದ್ದ ಹಾಗೆ.

ಇವರಿಂದ ವರ್ಷಕ್ಕೆ ಬಂದದ್ದು
ಗುಂಡುಸೂಜಿ ಡಬ್ಬಿಗೂ ಸಾಲದು.

ಮಾರ್ಚಿಯಲ್ಲಿ ಒಂದು ಪತ್ರ. ಜೂಜಿನ ಆ್ಯಪಿನವರದು.
ಇಪ್ಪತ್ತು ಸೆಕೆಂಡು, ಆರುನೂರು ಯೂರೋ.
ಹೆಸರು ಹೇಳಬೇಕು, ನಗಬೇಕು, ಸ್ವಲ್ಪ ಗಟ್ಟಿಯಾಗಿ.
ಜನ ತರುವುದು ನಮ್ಮ ಜವಾಬ್ದಾರಿ ಎಂದಿದ್ದರು.
ಕೆಳದವಡೆಯಲ್ಲಿ ಎರಡು ಹಲ್ಲಿನ ಜಾಗ ಖಾಲಿ.
ಆರು ತಿಂಗಳಿಂದ ರೊಟ್ಟಿ ಹಾಲಿಗದ್ದಿ ತಿನ್ನುತ್ತಿದ್ದಾಳೆ.
ಹೇಳಿದಳು.
ಕೂಗಿದಳು ಅನ್ನಿ. ಮೂರು ಸಲ ಮರುಚಿತ್ರೀಕರಿಸಿ,
ಅತಿ ಜೋರಾದದ್ದನ್ನೇ ಅವರು ಆರಿಸಿದರು.

ಬಂದರು ಹನ್ನೊಂದು ಸಾವಿರ.
ಹೃದಯಗಳು ನೊಣದಂತೆ ಪರದೆ ಮುತ್ತಿದವು.
'ಅಜ್ಜಿ ಸೂಪರ್', 'ಅಜ್ಜಿ ಸೂಪರ್', 'ಮುಖ ತೋರಿಸು'.
ಅಣ್ಣನ ಮಗ ಬ್ರಾಯಿಸ್ ಎಣಿಕೆ ಓದುತ್ತ ಕುಣಿದ.
ಅವಳಿಗೆ ಕೈ ನಡುಗಿತು, ಅದನ್ನು ಯಾರೂ ಕಾಣಲಿಲ್ಲ.

ಒಂಬತ್ತು ದಿನ ಎಲ್ವೀರಳ ಸುದ್ದಿಯಿಲ್ಲ.
ಹತ್ತನೆಯ ದಿನ, ಅಕ್ಷರ ದೊಡ್ಡದು ಮಾಡಿ ಬರೆದದ್ದು:
'ಆ ರಾತ್ರಿ ನಡುವೆ ಯಾರೋ ಕಿರುಚಿದರು, ಎಚ್ಚರವಾಯಿತು.
ಮತ್ತೆ ನಿದ್ದೆ ಬರಲಿಲ್ಲ. ಸುಮ್ಮನೆ ಸಾಲು ಎಣಿಸಿದೆ.
ಹದಿನೇಳರಲ್ಲಿ, ಎಡಗಡೆ, ಮೂರನೆಯ ಜೋಡಿ
ದಾಟಬೇಕಾದಲ್ಲಿ ದಾಟಿಲ್ಲ.
ನಿನಗೆ ಮೈ ಹುಷಾರಿಲ್ಲವೇ?'

ಕನ್ನಡಕ ಹುಡುಕಿದಳು. ಎಣಿಸಿದಳು.
ಹೌದು.
ಹನ್ನೊಂದು ಸಾವಿರದ ಎದುರು
ಬಟಾಬಯಲಲ್ಲಿ ಬಿದ್ದಿತ್ತು ತಪ್ಪು.

ಆ ರಾತ್ರಿ ಫೋನು ಮತ್ತೆ ಡಬ್ಬಿಗೆ ಒರಗಿತು.
ಹೆಣೆಯಲಿಲ್ಲ, ಬಿಚ್ಚಿದಳು.
ಒಂದೊಂದೇ ಗುಂಡುಸೂಜಿ ಕಿತ್ತು ತುಟಿಯಲ್ಲಿ ಕಚ್ಚಿ
ನಲವತ್ತನೆಯ ಸಾಲಿನಿಂದ ಹಿಮ್ಮುಖವಾಗಿ.
ಹೆಣೆಯುವುದಕ್ಕಿಂತ ನಿಧಾನ ಈ ಕೆಲಸ,
ದಾರಕ್ಕೆ ಹಳೆಯ ಮಡಿಕೆಯ ನೆನಪಿರುತ್ತದೆ.
ಏನೂ ನಡೆಯದ್ದು ನೋಡಿ ಜನ ಎದ್ದರು,
ಊಟ ಮುಗಿದ ಮದುವೆ ಚಪ್ಪರದ ಹಾಗೆ.
ನಾಲ್ಕು ಸಾವಿರ. ಒಂಬೈನೂರು. ಇನ್ನೂರು.
ಬ್ರಾಯಿಸ್ ಬಾಗಿಲು ಬಡಿದುಕೊಂಡು ಹೋದ.
ಬೆಳಗಿನ ಎರಡಕ್ಕೆ ಮೂವತ್ತೊಂದು.
ಆರು ಜನ ಎಲ್ಲಿ ಹೋದರೋ, ತಿರುಗಿ ಬರಲೇ ಇಲ್ಲ.
ಅದನ್ನು ಬಿಚ್ಚಿ ಸರಿಮಾಡಲಾಗದು.

ಜೂಜಿನವರ ಎರಡನೆಯ ಪತ್ರಕ್ಕೆ ದುಪ್ಪಟ್ಟು ದರ.
ಬೇಡ ಎಂದಳು, ಕಾರಣ ಬರೆಯಲಿಲ್ಲ.
ಮೊದಲ ದುಡ್ಡನ್ನೇನೂ ಹಿಂತಿರುಗಿಸಲಿಲ್ಲ,
ಅದು ಆಗಲೇ ಬಾಯಲ್ಲಿ ಕೂತಿದೆ.
ಅದರಿಂದಲೇ ರೊಟ್ಟಿಯ ಗಟ್ಟಿ ಅಂಚು ಕಡಿಯುತ್ತಾಳೆ,
ಒಮ್ಮೊಮ್ಮೆ ದಾರವನ್ನೂ.

ಹದಿನೇಳನೆಯ ಸಾಲು, ಎಡಗಡೆ, ಮೂರನೆಯ ಜೋಡಿ.
ದಾಟಿಸಿದಳು.
ಸಾಗರದಾಚೆಯಿಂದ ಒಂದೇ ಪದ ಬಂತು,
ಅವರ ಭಾಷೆಯದು. ನಾನು ಕನ್ನಡಕ್ಕೆ ತಂದರೆ
ಅವಳು ಹೆಣೆಯುವುದರ ಹೆಸರೇ ಬರುತ್ತದೆ:
ಲೇಸು.
ಆಮೇಲೆ ಉತ್ತರವಿಲ್ಲ.
ನಿದ್ದೆ ಹೋಗಿರಬೇಕು.