ಗಂಟು ನಿಂತ ಜಾಗ

ಕುಮಟೆಯ ಸೊಸಾಯಿಟಿಯ ಹಿಂದಿನ ಕೋಣೆ.
ಇನಾಸ ಮೇಸ್ತ ಕೊಟ್ಟ ಹಲಸಿನ ಹಲಗೆಗೆ
ಅಘನಾಶಿನಿ ಹೊಳೆಯ ನಕ್ಷೆ ಅಂಟಿಸಿ
ಊರಿಗೊಂದು ತೂತು ಕೊರೆದಿದ್ದೇವೆ:
ತದಡಿ, ಮಸೂರು, ಹೆಗಡೆ, ದೀವಗಿ,
ಮಿರ್ಜಾನ, ಹಿರೇಗುತ್ತಿ,
ಕೊನೆಗೆ, ನೆನಪಾಗಿ, ಕಾಗಾಲ.

ಪ್ರಶ್ನೆ ಸಣ್ಣದು. ಮಂಜುಗಡ್ಡೆಯ ಕಾರ್ಖಾನೆ ಒಂದೇ.
ಎಲ್ಲಿ?
ಮೀನಿಗೆ ಕಾಯುವ ತಾಳ್ಮೆಯಿಲ್ಲ,
ಬಿಸಿಲಿಗೆ ಯಾರ ಪರಿಚಯವೂ ಇಲ್ಲ.

ತೂತಿಗೊಂದು ದಾರ. ಏಳೂ ದಾರಗಳ ತುದಿ
ಹಲಗೆಯ ಮೇಲೆ ಒಂದೇ ಗಂಟು.
ಕೆಳಗೆ, ಮೇಜಿನಡಿಯ ಕತ್ತಲಲ್ಲಿ,
ಬೀಸುಬಲೆಯಿಂದ ಬಿಚ್ಚಿದ ಸೀಸದ ಗುಂಡುಗಳು,
ಕ್ವಿಂಟಲಿಗೆ ಒಂದರಂತೆ.
ಬಿಟ್ಟರೆ ಗಂಟು ತಾನೇ ಓಡಾಡಿ
ಎಲ್ಲರ ಎಳೆತ ಕೇಳಿ ಒಂದು ಕಡೆ ನಿಲ್ಲುತ್ತದೆ.
ಅಲ್ಲಿಗೆ ಹೊತ್ತು ನಡೆದ ದೂರವೆಲ್ಲ ಕೂಡಿದರೆ
ಅದಕ್ಕಿಂತ ಕಡಿಮೆ ಇನ್ನೆಲ್ಲೂ ಇಲ್ಲ.
ಇದಕ್ಕೆ ಸಮೀಕರಣವೂ ಇದೆ. ಆದರೆ ಮೀಟಿಂಗಿನಲ್ಲಿ
ಸಮೀಕರಣವನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಮೊದಲ ಸಲ. ತದಡಿಗೆ ಐವತ್ತೆರಡು ಗುಂಡು,
ಟ್ರಾಲರಿನ ಲೆಕ್ಕ.
ಉಳಿದವರದ್ದೆಲ್ಲ ಗುಡಿಸಿದರೂ ಮೂವತ್ತೆಂಟು.
ಬಿಟ್ಟೆ.
ಗಂಟು ಯೋಚಿಸಲಿಲ್ಲ. ದೊಡ್ಡವರ ಮನೆ ಊಟಕ್ಕೆ ಹೊರಟಂತೆ
ನೇರ ಹೋಗಿ ತದಡಿಯ ತೂತಿನ ಬಾಯಿಗೆ ಸಿಕ್ಕಿಕೊಂಡಿತು.
ಅರ್ಧಕ್ಕಿಂತ ಹೆಚ್ಚು ಒಬ್ಬನದೇ ಆದರೆ
ಉಳಿದವರು ಯಾವ ದಿಕ್ಕಿಗೆ ಎಳೆದರೂ ಒಂದೇ.
ಇದು ಗಣಿತ, ದೂರು ಅಲ್ಲ.
ಅಧ್ಯಕ್ಷರು ಚಹಾ ತರಿಸಿದರು.

ಎರಡನೇ ಸಲ, ಹಟಕ್ಕೆ,
ಮೀನು ಬಿಟ್ಟು, ಸದಸ್ಯರ ಪುಸ್ತಕ ತೆಗೆದು, ಒಲೆ ಎಣಿಸಿದೆ.
ಹತ್ತು ಒಲೆಗೆ ಒಂದು ಗುಂಡು.
ಈಗ ಗಂಟಿಗೆ ಅನುಮಾನ. ಮಸೂರಿನತ್ತ ಅರ್ಧ ಹೋಗಿ
ಹೆಗಡೆಯ ಮಾತು ಕೇಳಿ ತಿರುಗಿತು.
ಹಲಗೆ ಕುಟ್ಟಿದೆ. ನಡುಗಿ, ನಿಂತಿತು
ನೀಲಿಯಲ್ಲಿ. ಹೊಳೆಯೊಳಗೆ.

ಎಲ್ಲರೂ ನಕ್ಕರು.
ದೋಣಿ ದಾಟಿಸುವ ಜಟ್ಟು ಅಂಬಿಗ ಮಾತ್ರ
ಬಗ್ಗಿ ನೋಡಿ, "ಸಮಾ ಅದೆ" ಅಂದ.
"ಮೂವತ್ತು ವರ್ಷದಿಂದ ನಾನು ಅಲ್ಲೇ ಅಲ್ಲವೋ ಇರೋದು."

ಬಾಗಿಲಲ್ಲಿ ಬಳಚಿನ ಬುಟ್ಟಿ ಇಳಿಸಿದ ತುಳಸು ಹರಿಕಾಂತ
ಒಳಗೆ ಬಂದವಳು ನಕ್ಷೆ ನೋಡಲಿಲ್ಲ,
ಕುಕ್ಕರುಗಾಲಲ್ಲಿ ಕೂತು ಮೇಜಿನಡಿ ಇಣುಕಿದಳು.
"ಇದಕ್ಕೆ ಎಂತಕ್ಕೆ ಗುಂಡಿಲ್ಲ?"
ಕಾಗಾಲದ ದಾರ ಖಾಲಿ ತೂಗುತ್ತಿತ್ತು.

"ನಿಮ್ಮದು ತೂಕದ ಲೆಕ್ಕ ಇಲ್ಲವಲ್ಲ," ಅಂದೆ,
"ಬಳಚು ರಸ್ತೆಬದಿಯಲ್ಲಿ ನೂರರ ಲೆಕ್ಕಕ್ಕೆ ಹೋಗ್ತದೆ,
ಬಿಲ್ಲಿಲ್ಲ, ಸದಸ್ಯತ್ವ ಇಲ್ಲ, ದತ್ತಾಂಶ..."
ಆ ಪದ ಬಾಯಲ್ಲೇ ಉಪ್ಪಾಯಿತು.

ಅವಳು ಕೇಳಿಸಿಕೊಂಡಳೋ ಇಲ್ಲವೋ.
ಸೊಂಟಮಟ್ಟ ನೀರಲ್ಲಿ ಕಾಲ್ಬೆರಳಿಂದ ಹುಡುಕಿ ಗೊತ್ತಿದ್ದವಳು
ಕಿರುಬೆರಳಿಗೆ ದಾರ ಸುತ್ತಿ
ಒಂದು ಬುಟ್ಟಿಯಷ್ಟೇ ಜಗ್ಗಿದಳು.

ಮೇಲೆ ಗಂಟು ಒಂದು ಅಕ್ಕಿಕಾಳಿನಷ್ಟು ಸರಿಯಿತು.
ಅಳೆದೆ. ಆರು ಮಿಲಿಮೀಟರು.
ನಕ್ಷೆಯ ಸೆಂಟಿಮೀಟರು ನೆಲದ ಕಾಲು ಕಿಲೋಮೀಟರು,
ಅಂದರೆ ನೂರೈವತ್ತು ಮೀಟರು,
ತಲೆಹೊರೆಯಲ್ಲಿ ಇನ್ನೂರು ಹೆಜ್ಜೆ.

ಮರುದಿನ ಜಟ್ಟುವಿನ ದೋಣಿಯಲ್ಲಿ ಆ ಜಾಗಕ್ಕೆ ಹೋದೆವು.
ಇಳಿತ. ನೀರಿಲ್ಲ.
ಏಡಿಗಳು ಊರಿಗೊಂದು ತೂತು ಕೊರೆದ ಕೆಸರುದಿಬ್ಬ.
ತುಳಸು ಇಳಿದು ಹಿಮ್ಮಡಿ ಊರಿ ನಿಂತು
"ಗಟ್ಟಿ ಅದೆ" ಅಂದಳು.
ಮಧ್ಯಾಹ್ನದವರೆಗೂ ಗಟ್ಟಿ ಇತ್ತು.
ಆಮೇಲೆ ಭರತ ಬಂತು,
ಮೊದಲು ಅವಳ ಹೆಜ್ಜೆಗುಳಿಗಳಲ್ಲಿ ತುಂಬಿತು.

ವರದಿಯ ನಮೂನೆಯಲ್ಲಿ ಸರ್ವೆ ನಂಬರಿಗೆ ಒಂದು ಚೌಕ.
ಖಾಲಿ ಬಿಟ್ಟು ಕಾರವಾರಕ್ಕೆ ಕಳಿಸಿದ್ದೇನೆ.
ತದಡಿಗೇ ಮಂಜೂರಾದರೆ ಆಶ್ಚರ್ಯವಿಲ್ಲ.
ಹಲಗೆ ಇನ್ನೂ ಮೇಜಿನ ಮೇಲಿದೆ, ಎಂಟನೇ ತೂತಿಗೆ
ಜಟ್ಟು ಜಾಗ ಹುಡುಕುತ್ತಿದ್ದಾನೆ.
ಫ್ಯಾನು ಹಾಕಿದರೆ ಗಂಟು ಅಲುಗುತ್ತದೆ.
ಅದಕ್ಕೇ ಮೇ ತಿಂಗಳ ಈ ಸೆಕೆಯಲ್ಲೂ
ಯಾರೂ ಸ್ವಿಚ್ಚು ಮುಟ್ಟಿಲ್ಲ.